ನನ್ನನ್ನೇ ಆರ್‌ಪಿ ಮಾಡಿದ್ದಾರೆ, ಎರಡು ದಿನ ಏನು ಮಾಡಿಸಲಿ?

ಗಣಿತದ ಮೇಡಂ:
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಮುಂದಿನ ತಿಂಗಳು ತಾಲ್ಲೂಕಿನ 30 ಜನ ಗಣಿತ, ವಿಜ್ಞಾನ ಶಿಕ್ಷಕರಿಗೆ ಕಂಪ್ಯೂಟರ್ ಬಳಸಿ ಪಾಠ ಮಾಡುವ ತರಬೇತಿ ಇದೆ. ನಾನೇ ಆರ್‌ಪಿ, ಅಂದರೆ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿ. ಜಿಯೋಜೀಬ್ರಾ (ರೇಖಾಗಣಿತದ ಚಿತ್ರ ಬರೆದು ಎಳೆದಾಡಿ ನೋಡುವ ಸಾಫ್ಟ್‌ವೇರ್) ಸ್ವಲ್ಪ ಬರುತ್ತದೆ ಅನ್ನುವುದಷ್ಟೇ ನನ್ನ ಅರ್ಹತೆ.

ನಾನು ಹಿಂದೆ ಹೋಗಿದ್ದ ಒಂದು ತರಬೇತಿಯಲ್ಲಿ ಮೊದಲ ದಿನ ಪೂರ್ತಿ ಪಿಪಿಟಿ. ಹತ್ತು ಆ್ಯಪ್‌ಗಳ ಹೆಸರು ಬರೆದುಕೊಂಡೆವು. ಎರಡನೇ ದಿನ ಇಮೇಲ್ ಐಡಿ ಮಾಡುವುದು, ಪಾಸ್‌ವರ್ಡ್ ಮರೆಯುವುದು, ಮತ್ತೆ ಮಾಡುವುದು. ಊಟ ಚೆನ್ನಾಗಿತ್ತು. ಶಾಲೆಗೆ ವಾಪಸ್ ಬಂದು ಏನೂ ಮಾಡಲಿಲ್ಲ.

ಜಿಯೋಜೀಬ್ರಾ ಕಲಿತದ್ದು ಮನೆಯಲ್ಲಿ, ಮಗನ ಲ್ಯಾಪ್‌ಟಾಪಿನಲ್ಲಿ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅಂತ ಒಂಬತ್ತನೇ ತರಗತಿಗೆ ತೋರಿಸಲು ಹೋದೆ. ವ್ಯಾಸ ಎಬಿ, ಪರಿಧಿ ಮೇಲೆ ಬಿಂದು ಸಿ. ಎಳೆದಂತೆಲ್ಲ 90, 90, 90. ವ್ಯಾಸ ದಾಟಿಸಿ ಕೆಳಗಿನ ಅರ್ಧಕ್ಕೆ ಎಳೆದೆ ನೋಡಿ, 270 ಅಂತ ಬಂತು! ಬೆವರಿಬಿಟ್ಟೆ. ‘ಕಂಪ್ಯೂಟರ್ ಕೆಟ್ಟಿದೆ’ ಅಂತ ಹೇಳಿ ಮುಚ್ಚಿದೆ.

ನನ್ನಂಥವರೇ 30 ಜನ ಬಂದರೆ ಏನು ಮಾಡಿಸಲಿ? ಲ್ಯಾಬಿನಲ್ಲಿ ಓಡುವ ಕಂಪ್ಯೂಟರ್ 10. ಕರೆಂಟು ದೇವರ ಇಚ್ಛೆ.

ಹಳೇ ಸೀಮೆಸುಣ್ಣ:
ಮೇಡಂ, ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದು ಕೋನ ಅಳೆಯುವುದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಸಿ ಆಚೆ ಹೋದಾಗ ಹೊರಗಿನ ಸರಳಾಧಿಕ ಕೋನ ತೋರಿಸಿದೆ. 360ರಲ್ಲಿ 270 ಕಳೆಯಿರಿ, ನಿಮ್ಮ 90 ಅಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೋನ 0ಯಿಂದ 180ರೊಳಗೆ ಅಂತ ಆರಿಸಿದರೆ ಸರಿಹೋಗುತ್ತದೆ.

ಆದರೆ ತರಬೇತಿಯಲ್ಲಿ ಮೊದಲೇ ಸರಿಮಾಡಿ ಇಡಬೇಡಿ. ಮೊದಲ ದಿನ ಬೆಳಿಗ್ಗೆ 30 ಜನರ ಕೈಯಲ್ಲೂ ಆ 270 ಬರಲಿ. ‘ತರಗತಿಯಲ್ಲಿ ಹೀಗಾದರೆ ಮಕ್ಕಳಿಗೆ ಯಾವ ಪ್ರಶ್ನೆ ಕೇಳುತ್ತೀರಿ?’ ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ತಂತ್ರಜ್ಞಾನ ಬೇರೆ, ವಿಷಯ ಬೇರೆ, ಕಲಿಸುವ ರೀತಿ ಬೇರೆ ಅಂತ ಕಲಿತರೆ ಸಾಲದು, ಮೂರೂ ಕೂಡುವ ಜಾಗ ಗೊತ್ತಿರಬೇಕು ಅಂತ ಮಿಶ್ರಾ, ಕೋಲರ್ ಅನ್ನುವ ಇಬ್ಬರು 2006ರಲ್ಲೇ ಬರೆದಿದ್ದಾರೆ. ಅದಕ್ಕೆ ಟಿಪ್ಯಾಕ್ ಅಂತ ಹೆಸರು. ಆ ಹೆಸರನ್ನು ಪಿಪಿಟಿಗೆ ಹಾಕಬೇಡಿ, ನಿದ್ದೆ ಬರುತ್ತದೆ.

ನಿವೃತ್ತಿಗೆ ಆರು ವರ್ಷ:
ಒಂದು ಕಂಪ್ಯೂಟರಿಗೆ ಮೂವರು ಅಂತಾಯ್ತು. ಮೂವರಲ್ಲಿ ಒಬ್ಬ ಹೊಸ ಹುಡುಗ ಇದ್ದೇ ಇರುತ್ತಾನೆ, ಮೌಸ್ ಅವನ ಕೈಯಲ್ಲೇ. ಹೋದ ಸಲ ನಾನು ಎರಡು ದಿನ ಅಂಥ ಒಬ್ಬನ ಭುಜ ನೋಡಿಕೊಂಡು ಬಂದೆ. ದಯವಿಟ್ಟು ಒಂದು ನಿಯಮ ಮಾಡಿ: ಗೊತ್ತಿರುವವರು ಬಾಯಲ್ಲಿ ಹೇಳಬೇಕು, ಮೌಸ್ ಮುಟ್ಟಬಾರದು.

ಇನ್ನೊಂದು, ಕನ್ನಡ ಟೈಪಿಂಗ್‌ಗೆ ಅರ್ಧ ದಿನ ಕೊಡಬೇಡಿ. ಫೋನಿಗೆ ಬಾಯಲ್ಲಿ ಹೇಳಿ ಬರೆಸುವುದನ್ನು ಹತ್ತು ನಿಮಿಷ ತೋರಿಸಿದರೆ ನಮಗೆ ಜಾಸ್ತಿಯೇ ಆಯಿತು.

ವಿಜ್ಞಾನ ಮೇಷ್ಟ್ರು:
ನಮ್ಮವರಿಗೆ ಫೆಟ್ ಕೊಡಿ, ವಿಜ್ಞಾನದ ಪ್ರಯೋಗಗಳನ್ನು ತೆರೆಯ ಮೇಲೆ ಮಾಡಿ ನೋಡುವ ಸಾಫ್ಟ್‌ವೇರ್ ಅದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2002ರಲ್ಲಿ ಶುರುಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಮನೆಯಲ್ಲೇ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ, ನೆಟ್ ಇಲ್ಲದಿದ್ದರೂ ಬ್ರೌಸರಿನಲ್ಲಿ ತೆರೆಯುತ್ತದೆ. ಕರೆಂಟು ಹೋದರೆ ಫೋನಿನಲ್ಲಿ ಜಿಯೋಜೀಬ್ರಾ ನಡೆಯುತ್ತದೆ.

ಆದರೆ ಎರಡು ಸೆಲ್ಲು, ಒಂದು ಬಲ್ಬು ಇರುವಾಗ ಬಲ್ಬು ಹತ್ತುವುದನ್ನೂ ತೆರೆಯ ಮೇಲೆ ತೋರಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಬಲ್ಬನ್ನು ಕೈಗೆ ಕೊಡಿ. ತಂತಿಯೊಳಗೆ ಎಲೆಕ್ಟ್ರಾನ್ ಹರಿಯುವುದು ಕಣ್ಣಿಗೆ ಕಾಣುವುದಿಲ್ಲ ಅಲ್ವಾ, ಅದಕ್ಕೆ ಫೆಟ್ ಬೇಕು. ಯಾವ ಪಾಠಕ್ಕೆ ಕಂಪ್ಯೂಟರ್ ಬೇಡ ಅನ್ನುವ ಚರ್ಚೆಗೂ ಒಂದು ಗಂಟೆ ಇಡಿ.

ಗಣಿತದ ಮೇಡಂ:
ಅಯ್ಯೋ, ಮೂರು ವರ್ಷದಿಂದ ಆ 270ನ್ನು ಕಂಪ್ಯೂಟರಿನ ತಪ್ಪು ಅಂದುಕೊಂಡಿದ್ದೆ! ಆ ಬ್ಯಾಚಿನ ಮಕ್ಕಳು ಈಗ ಪಿಯುಸಿಯಲ್ಲಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗಾದರೂ ಹೇಳುತ್ತೇನೆ.

ಪಿಪಿಟಿ ತೆಗೆದೆ. ಮೊದಲ ದಿನ 270, ಬಲ್ಬು, ಮೌಸ್ ನಿಯಮ. ಎರಡನೇ ದಿನಕ್ಕೆ ಪ್ರತಿಯೊಬ್ಬರೂ ಮುಂದಿನ ವಾರ ತರಗತಿಯಲ್ಲಿ ಮಾಡಬೇಕಿರುವ ಪಾಠವನ್ನೇ ತರಬೇಕು. ಗುಂಪಿಗೆ ಒಬ್ಬರು ಪಾಠ ಮಾಡಲಿ, ಉಳಿದವರು ಹಿಂದಿನ ಬೆಂಚಿನ ತರಲೆ ಮಕ್ಕಳಾಗಲಿ. ಹಾಂ, ನಮ್ಮ ಪ್ರೊಜೆಕ್ಟರಿನ ಕೇಬಲ್ ಮೇಜಿನ ತನಕ ಮುಟ್ಟುವುದಿಲ್ಲ. ಎಚ್‌ಡಿಎಂಐ ಕೇಬಲ್ ಎಷ್ಟು ಮೀಟರ್ ಉದ್ದದ್ದು ತಂದರೆ ಚಿತ್ರ ಸರಿಯಾಗಿ ಬರುತ್ತದೆ?