‘ಸಿಗ್ನಲ್ ಇಂಟೆಗ್ರಿಟಿ’ಗೆ ‘ಸಮಗ್ರತೆ’ ಸಲ್ಲುತ್ತದೆಯೇ?

ಮಾನ್ಯರೆ,

ವೇಗದ ಸರ್ಕ್ಯೂಟ್ ಬೋರ್ಡ್‌ಗಳ ವಿನ್ಯಾಸವನ್ನು ಕುರಿತು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಶೀರ್ಷಿಕೆಯಲ್ಲೇ ಬರಬೇಕಾದ ‘ಸಿಗ್ನಲ್ ಇಂಟೆಗ್ರಿಟಿ’ ಎಂಬ ಪರಿಭಾಷೆಗೆ ತಕ್ಕ ಪದ ಯಾವುದೆಂಬುದು ನನ್ನ ಪ್ರಶ್ನೆ. ಒಂದು ಚಿಪ್ಪು ಕಳಿಸಿದ ವಿದ್ಯುತ್ ಸಿಗ್ನಲ್, ಪಡೆಯುವ ಚಿಪ್ಪು ಸರಿಯಾಗಿ ಓದಬಲ್ಲಂತೆ ತಲುಪುವುದಕ್ಕೆ ಈ ಹೆಸರು. ನಿಘಂಟಿನ ಜಾಡು ಹಿಡಿದರೆ ‘ಸಂಕೇತ ಸಮಗ್ರತೆ’ ಅಥವಾ ‘ಸಂಕೇತ ಅಖಂಡತೆ’ ಎಂದಾಗುತ್ತದೆ. ಇವೆರಡೂ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಏಕೆಂದು ತಿಳಿಸಲು ವಿಷಯವನ್ನೇ ತುಸು ವಿವರಿಸಬೇಕಾಗಿದೆ.

ಬೋರ್ಡಿನ ತಾಮ್ರದ ಗೆರೆಯಲ್ಲಿ ಸಿಗ್ನಲ್ ಹೊರಟ ಕ್ಷಣವೇ ಇನ್ನೊಂದು ತುದಿಯನ್ನು ಮುಟ್ಟುವುದಿಲ್ಲ. ಸಾಮಾನ್ಯವಾಗಿ ಬಳಸುವ, ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಎಫ್‌ಆರ್-4 ಬೋರ್ಡಿನಲ್ಲಿ ಅದು ಒಂದು ನ್ಯಾನೊಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್, ಅಂದರೆ ಬೆಳಕಿನ ವೇಗದ ಹೆಚ್ಚುಕಡಿಮೆ ಅರ್ಧದಷ್ಟು ವೇಗದಲ್ಲಿ ಸಾಗುತ್ತದೆ. ವೋಲ್ಟೇಜು ಕೆಳಗಿನ ಮಟ್ಟದಿಂದ ಮೇಲಿನ ಮಟ್ಟಕ್ಕೆ ಏರಲು 1 ನ್ಯಾನೊಸೆಕೆಂಡ್ ಬೇಕಾದರೆ, ಆ ಏರಿಕೆಯು ಗೆರೆಯ ಮೇಲೆ 15 ಸೆಂಟಿಮೀಟರ್ ಉದ್ದಕ್ಕೆ ಹರಡಿಕೊಂಡಿರುತ್ತದೆ. ಗೆರೆಯು ಇದರ ಆರನೆಯ ಒಂದು ಭಾಗಕ್ಕಿಂತ, ಅಂದರೆ ಸುಮಾರು 2.5 ಸೆಂಟಿಮೀಟರಿಗಿಂತ ಉದ್ದವಾದರೆ ಅದನ್ನು ಬರಿಯ ತಂತಿಯೆಂದು ಬಗೆಯದೆ ಅಲೆಯೊಂದು ಸಾಗುವ ಪ್ರಸರಣ ಮಾರ್ಗವೆಂದೇ (ಟ್ರಾನ್ಸ್‌ಮಿಷನ್ ಲೈನ್) ಎಣಿಸುವುದು ವಿನ್ಯಾಸಕಾರರ ರೂಢಿ. ಹಾಗೆ ಎಣಿಸಿದಾಗ ಇಂಪೀಡೆನ್ಸ್, ಅಂದರೆ ಸಾಗುವ ಅಲೆಗೆ ಗೆರೆ ಒಡ್ಡುವ, ಓಂಗಳಲ್ಲಿ ಅಳೆಯುವ ತಡೆ, ಮುಖ್ಯವಾಗುತ್ತದೆ. 50 ಓಂ ಗೆರೆಯೊಂದು 75 ಓಂ ಗೆರೆಯನ್ನು ಕೂಡಿದರೆ ಬಂದ ವೋಲ್ಟೇಜಿನ ಐದನೆಯ ಒಂದು ಭಾಗದಷ್ಟು ಅಲೆ ಹಿಂದಕ್ಕೆ ಪ್ರತಿಫಲಿಸುತ್ತದೆ. ಹೊರಗಿನ ಗದ್ದಲ ಒಂದಿಷ್ಟೂ ಇಲ್ಲದಿದ್ದರೂ ಸಿಗ್ನಲ್ ಹೀಗೆ ತನ್ನದೇ ಮರಳಲೆಗಳಿಂದ ಕೆಡಬಲ್ಲದು. ಆದ್ದರಿಂದ ‘ಸಂಕೇತಶುದ್ಧಿ’ ಎಂಬ ಪದವೂ ಸಾಲದು. ಶುದ್ಧಿ ಎಂದೊಡನೆ ಬೇರೆಲ್ಲಿಂದಲೋ ಬಂದು ಬೆರೆತ ಕಲ್ಮಶವನ್ನು ತೆಗೆಯುವ ಅರ್ಥ ಬರುತ್ತದೆ. ಪಕ್ಕದ ಗೆರೆಯಿಂದ ಹಾಯುವ ಕ್ರಾಸ್‌ಟಾಕ್‌ಗೆ ಅದು ಒಪ್ಪೀತು, ಪ್ರತಿಫಲನಕ್ಕೆ ಒಪ್ಪದು.

‘ಸಮಗ್ರತೆ’ಯನ್ನು ನಾನು ಒಪ್ಪದಿರಲು ಕಾರಣ ಇನ್ನೂ ಗಟ್ಟಿಯಾದದ್ದು. ಪ್ರತಿಫಲನವನ್ನು ಹತೋಟಿಗೆ ತರುವ ಬಹು ಪ್ರಚಲಿತವಾದ ಉಪಾಯವೆಂದರೆ ಕಳಿಸುವ ಚಿಪ್ಪಿನ ಬಳಿಯೇ ಸರಣಿಯಲ್ಲಿ ಒಂದು ರೆಸಿಸ್ಟರ್ ಇಡುವುದು. ಚಿಪ್ಪಿನ ಒಳರೋಧ 17 ಓಂ ಇದ್ದು ಅದಕ್ಕೆ 33 ಓಂ ಸೇರಿಸಿದರೆ ಒಟ್ಟು 50 ಓಂ ಆಗಿ ಗೆರೆಗೆ ಸರಿಹೊಂದುತ್ತದೆ. ಆಗ ಗೆರೆಯೊಳಗೆ ಹೊರಡುವುದು ಅರ್ಧ ಎತ್ತರದ ಅಲೆ ಮಾತ್ರ. ತೆರೆದ ತುದಿಯಂತೆಯೇ ವರ್ತಿಸುವ ಪಡೆಯುವ ಚಿಪ್ಪಿನಲ್ಲಿ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಪ್ರತಿಫಲಿಸಿ, ಬಂದ ಅರ್ಧವೂ ಮರಳುವ ಅರ್ಧವೂ ಕೂಡಿ ಅಲ್ಲಿ ಪೂರ್ಣ ವೋಲ್ಟೇಜು ದೊರೆಯುತ್ತದೆ. ಮರಳಿದ ಅಲೆಯನ್ನು ರೆಸಿಸ್ಟರ್ ಹೀರಿಕೊಳ್ಳುತ್ತದೆ. ದಾರಿಯ ನಡುವೆ ಅಳೆದವರಿಗೆ ಸಿಗ್ನಲ್ ಅರೆಬರೆಯಾಗಿ ಕಾಣುತ್ತದೆ, ಆದರೂ ಇದು ಒಳ್ಳೆಯ ಸಿಗ್ನಲ್ ಇಂಟೆಗ್ರಿಟಿಯ ಮಾದರಿಯೇ. ಇಂಥದ್ದನ್ನು ‘ಸಮಗ್ರ’ವೆನ್ನುವುದು ಹೇಗೆ?

‘ಅವಿಕೃತತೆ’ ಎಂಬ ಸಲಹೆ ಬರಬಹುದೆಂದು ಅದನ್ನೂ ಪರಿಶೀಲಿಸಿದ್ದೇನೆ. ಸೆಕೆಂಡಿಗೆ ಗಿಗಾಬಿಟ್‌ಗಳ ವೇಗದ ಸಂಪರ್ಕಗಳಲ್ಲಿ ಕಳಿಸುವ ಚಿಪ್ಪು ಸಿಗ್ನಲಿನ ಆಕಾರವನ್ನು ಬೇಕೆಂದೇ ಬದಲಿಸುತ್ತದೆ. ಕಂಪ್ಯೂಟರಿನ ಒಳಭಾಗಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ತಲೆಮಾರಿನಲ್ಲಿಯೇ ಒಂದೇ ಬೆಲೆಯ ಬಿಟ್‌ಗಳು ಸಾಲಾಗಿ ಬಂದರೆ ಎರಡನೆಯದರಿಂದ ಮುಂದಿನವುಗಳನ್ನು 3.5 ಡೆಸಿಬೆಲ್ ತಗ್ಗಿಸಿ ಕಳಿಸುವ ಏರ್ಪಾಡು ಇದೆ. ತಾಮ್ರವೂ ಬೋರ್ಡಿನ ನಿರೋಧಕವೂ ಹೆಚ್ಚಿನ ಆವರ್ತನಗಳನ್ನು ಹೆಚ್ಚಾಗಿ ಕುಂದಿಸುವುದರಿಂದ ಮುಂಚಿತವಾಗಿಯೇ ಮಾಡುವ ಸರಿದೂಗಿಕೆ ಇದು. ಇಲ್ಲಿ ವಿಕಾರವೇ ರಕ್ಷಣೆಯ ಸಾಧನವಾಗಿದೆ.

ಹಾಗಾದರೆ ಈ ಪರಿಭಾಷೆಯ ತಿರುಳೇನು? ಪಡೆಯುವ ಚಿಪ್ಪು ಸರಿಯಾದ ಗಳಿಗೆಯಲ್ಲಿ ನೋಡಿದಾಗ ಇದು 0, ಇದು 1 ಎಂದು ಸಂದೇಹವಿಲ್ಲದೆ ತೀರ್ಮಾನಿಸಲು ತಕ್ಕ ಸ್ಥಿತಿಯಲ್ಲಿ ಸಿಗ್ನಲ್ ಇರುವುದು, ಇಷ್ಟೇ. ಸಾವಿರಾರು ಬಿಟ್‌ಗಳ ಅಲೆರೂಪಗಳನ್ನು ಒಂದರ ಮೇಲೊಂದು ಹಾಕಿ ನೋಡುವ ‘ಕಣ್ಣಿನ ಚಿತ್ರ’ದಲ್ಲಿ ಕಣ್ಣು ಎಷ್ಟು ತೆರೆದಿದೆಯೆಂದು ಅಳೆಯುವುದೂ ಇದನ್ನೇ. ಈ ಅರ್ಥಕ್ಕೆ ನನಗೆ ಹೊಳೆದ ಪದ ‘ಸುಸ್ಥಿತಿ’. ವಾಹನ ಸುಸ್ಥಿತಿಯಲ್ಲಿದೆ, ಯಂತ್ರ ಸುಸ್ಥಿತಿಯಲ್ಲಿದೆ ಎಂದಾಗ ಅದು ಹೊಸದಾಗಿದೆ ಎಂದಾಗಲಿ ಲವಲೇಶವೂ ಸವೆದಿಲ್ಲ ಎಂದಾಗಲಿ ಯಾರೂ ತಿಳಿಯುವುದಿಲ್ಲ. ಮಾಡಬೇಕಾದ ಕೆಲಸಕ್ಕೆ ಅದು ತಕ್ಕುದಾಗಿದೆ ಎಂದೇ ತಿಳಿಯುತ್ತಾರೆ. ಚಿಪ್ಪುಗಳಿಗೆ ಸ್ಥಿರವಾದ ವಿದ್ಯುತ್ ಪೂರೈಕೆಯನ್ನು ಕುರಿತ ‘ಪವರ್ ಇಂಟೆಗ್ರಿಟಿ’ಗೂ ‘ಪೂರೈಕೆಯ ಸುಸ್ಥಿತಿ’ ಎಂಬುದು ಚೆನ್ನಾಗಿ ಒಪ್ಪುತ್ತದೆ. ‘ಡೇಟಾ ಇಂಟೆಗ್ರಿಟಿ’ಯ ಮಾತು ಬೇರೆ: ಅಲ್ಲಿ ಒಂದು ಬಿಟ್ ಕೂಡ ಬದಲಾಗಬಾರದಾದ್ದರಿಂದ ‘ಸಮಗ್ರತೆ’ ಅಲ್ಲಿಯೇ ಉಳಿಯಲಿ.

‘ಸಂಕೇತ’ವನ್ನು ಬಿಟ್ಟು ‘ಸಿಗ್ನಲ್’ ಅನ್ನೇ ಇಟ್ಟುಕೊಳ್ಳುವ ವಿಚಾರವೂ ಇದೆ, ಏಕೆಂದರೆ ಇದೇ ವಿಷಯದಲ್ಲಿ ಒಂದು ಅಥವಾ ಹೆಚ್ಚು ಬಿಟ್‌ಗಳನ್ನು ಪ್ರತಿನಿಧಿಸುವ ‘ಸಿಂಬಲ್’ ಎಂಬ ಬೇರೊಂದು ಪರಿಭಾಷೆ ಬರುತ್ತದೆ ಮತ್ತು ಅದಕ್ಕೂ ಕನ್ನಡದಲ್ಲಿ ಸಂಕೇತವೆಂದೇ ಬಳಕೆಯಿದೆ.

ಬಲ್ಲವರಲ್ಲಿ ನನ್ನ ಬಿನ್ನಹ ಎರಡು. ಕಣ್ಣಿಗೆ ಕಾಣದ, ಕೈಗೆ ಸಿಗದ ಅಲೆಯಂಥದ್ದಕ್ಕೆ ‘ಸುಸ್ಥಿತಿ’ಯನ್ನು ಹೇಳುವುದು ಕಿವಿಗೆ ಅಸಹಜವಾಗಿ ಕೇಳುತ್ತದೆಯೇ? ಹಾಗೆಯೇ, ‘ಸಿಗ್ನಲ್ ಸುಸ್ಥಿತಿ’ ಎಂದು ಎರಡು ಪದಗಳನ್ನು ನೇರವಾಗಿ ಕೂಡಿಸುವುದು ಸರಿಯೇ, ಅಥವಾ ‘ಸಿಗ್ನಲಿನ ಸುಸ್ಥಿತಿ’ ಎಂದು ವಿಭಕ್ತಿಯೊಡನೆ ಬರೆಯುವುದು ಮೇಲೇ? ದಯವಿಟ್ಟು ತಿಳಿಸಬೇಕು.