ಪೊಲೀಸರ ಕೈಯಲ್ಲಿ ಸಾವು: ಪರಿಹಾರ, ರಾಜಿ, ಮೊಕದ್ದಮೆ – ವಕೀಲರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಈ ವಾರ ಉತ್ತರಿಸುವವರು ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲಿಕೆ ಮಾಡುವ ನಮ್ಮ ಗುಂಪಿನ ಸದಸ್ಯೆ. ಲಾಕಪ್ ಸಾವು, ಗೋಲಿಬಾರ್ ಪ್ರಕರಣಗಳನ್ನು ನಡೆಸಿದವರು. ಒಬ್ಬರಿಗೆ ಒಂದೇ ಪ್ರಶ್ನೆ. ಠಾಣೆಯ ಹೆಸರು, ವ್ಯಕ್ತಿಗಳ ಹೆಸರು ಬೇಡ.

ತುಮಕೂರಿನ ಸದಸ್ಯ: ಮೇಡಂ, ಪೊಲೀಸರ ಏಟಿಗೋ ಗುಂಡಿಗೋ ಸತ್ತರೆ ಮನೆಯವರಿಗೆ ಎಷ್ಟು ಪರಿಹಾರ ಸಿಗುತ್ತದೆ?

ವಕೀಲರು: ಇಷ್ಟೇ ಎಂದು ಗೊತ್ತುಪಡಿಸಿದ ದರವಿಲ್ಲ. 1990ರ ‘ಸಹೇಲಿ’ ಪ್ರಕರಣದಲ್ಲಿ ದೆಹಲಿ ಪೊಲೀಸರ ಹೊಡೆತಕ್ಕೆ ಸತ್ತ ಒಂಬತ್ತು ವರ್ಷದ ಹುಡುಗನ ತಾಯಿಗೆ ಸುಪ್ರೀಂ ಕೋರ್ಟ್ ಕೊಡಿಸಿದ್ದು 75,000 ರೂಪಾಯಿ. ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ನೀಲಬತಿ ಬೆಹೆರಾ ಅವರ 1993ರ ಪ್ರಕರಣದಲ್ಲಿ 1,50,000. 2018ರ ತೂತ್ತುಕುಡಿ ಗೋಲಿಬಾರ್‌ನಲ್ಲಿ ಸತ್ತವರ ಮನೆಗಳಿಗೆ ತಮಿಳುನಾಡು ಸರ್ಕಾರ ಕೊಟ್ಟದ್ದು ತಲಾ 20 ಲಕ್ಷ. ನಂತರ ವಿಚಾರಣಾ ಆಯೋಗ 50 ಲಕ್ಷಕ್ಕೆ ಶಿಫಾರಸು ಮಾಡಿತು. ಸತ್ತವರ ವಯಸ್ಸು, ದುಡಿಮೆ, ಅವರನ್ನು ನಂಬಿದವರ ಸಂಖ್ಯೆ, ಎಲ್ಲಕ್ಕಿಂತ ಮೊದಲು ನಿಮ್ಮ ಕೈಯಲ್ಲಿರುವ ಸಾಕ್ಷ್ಯ, ಇವುಗಳ ಮೇಲೆ ಮೊತ್ತ ನಿಲ್ಲುತ್ತದೆ.

ಹುಬ್ಬಳ್ಳಿಯ ಸದಸ್ಯ: ನನಗೆ ಬಂದ ಸಂದೇಶ ಇಲ್ಲಿ ಹಾಕುತ್ತಿದ್ದೇನೆ. ‘ಪೊಲೀಸ್ ವಶದಲ್ಲಿ ಸತ್ತರೆ 25 ಲಕ್ಷ ಕೊಡುವುದು ಕಡ್ಡಾಯ. ಈ ನಮೂನೆ ತುಂಬಿ 30 ದಿನದೊಳಗೆ ಹತ್ತು ಕಚೇರಿಗಳಿಗೆ ಕಳುಹಿಸಿ. ಎಲ್ಲರಿಗೂ ಹಂಚಿ.’ ನಿಜವೇ?

ವಕೀಲರು: ಸುಳ್ಳು. ಹಂಚಬೇಡಿ. ಅಂಥ ಕಾನೂನಿಲ್ಲ. ಹತ್ತು ಕಡೆ ಕಳುಹಿಸುವುದರಿಂದ ಹಾನಿಯೂ ಇದೆ: ರಾಜ್ಯ ಮಾನವ ಹಕ್ಕುಗಳ ಆಯೋಗದ ಮುಂದಿರುವ ದೂರನ್ನು ರಾಷ್ಟ್ರೀಯ ಆಯೋಗ ವಿಚಾರಣೆಗೆ ಎತ್ತಿಕೊಳ್ಳುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ಯೋಚಿಸಿ ಒಂದು ಕಡೆ ಹೋಗಿ. ಆಯೋಗಕ್ಕಾದರೆ ಘಟನೆ ನಡೆದ ಒಂದು ವರ್ಷದೊಳಗೆ.

ಬೀದರಿನ ಸದಸ್ಯ: ನಮ್ಮ ಮಾವ 2011ರಲ್ಲಿ ಗೋಲಿಬಾರ್‌ನಲ್ಲಿ ಸತ್ತರು. ಆಗ ಏನೂ ಮಾಡಲಾಗಲಿಲ್ಲ. ಈಗ ಅರ್ಜಿ ಹಾಕಬಹುದೇ?

ಚಿತ್ರದುರ್ಗ ಜಿಲ್ಲೆಯ ಸದಸ್ಯೆ: ಅಕ್ಕಾ, ನನ್ನ ತಮ್ಮ ಸತ್ತು ಇಂದಿಗೆ ಒಂಬತ್ತು ದಿನ. ಪಂಪ್‌ಸೆಟ್ ಕಳವಿನ ವಿಚಾರಣೆ ಎಂದು ಇಬ್ಬರು ಬೈಕಿನಲ್ಲಿ ಬಂದು ಕರೆದುಕೊಂಡು ಹೋದರು. ಎರಡು ರಾತ್ರಿ ಠಾಣೆಯಲ್ಲಿದ್ದ. ಮೂರನೆಯ ದಿನ ಎದೆನೋವು ಬಂದು ಆಸ್ಪತ್ರೆಯಲ್ಲಿ ತೀರಿಕೊಂಡ ಎಂದರು. ಅಲ್ಲಿಯೇ ಅಪ್ಪನ ಹೆಬ್ಬೆಟ್ಟನ್ನು ಎರಡು ಖಾಲಿ ಹಾಳೆಗಳ ಮೇಲೆ ಒತ್ತಿಸಿಕೊಂಡರು. ನಿನ್ನೆ ಊರಿನ ಹಿರಿಯರೊಬ್ಬರು ನಾಲ್ಕು ಲಕ್ಷ ರೂಪಾಯಿಯನ್ನೂ ಛಾಪಾ ಕಾಗದವನ್ನೂ ತಂದಿದ್ದರು. ‘ಹುಡುಗನಿಗೆ ಮೊದಲಿನಿಂದ ಕಾಯಿಲೆ ಇತ್ತು, ನಮ್ಮದೇನೂ ತಕರಾರಿಲ್ಲ’ ಎಂದು ಬರೆದಿದೆ. ಸಾಲವಿದೆ, ಅಪ್ಪ ಒಪ್ಪುವ ಹಾಗಿದ್ದಾರೆ. ಮಣ್ಣು ಮಾಡುವ ಮುಂಚೆ ಮೈ ತೊಳೆಯುವಾಗ ಅವನ ಎರಡೂ ಅಂಗಾಲು ಕಪ್ಪಗೆ ಬಾತಿದ್ದವು. ಅವನ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟಿದ್ದಾರೆ, ಒಂದು ಗುಂಡಿಯೂ ಇಲ್ಲ. ಒಗೆದಿಡಲೇ?

ವಕೀಲರು: ಒಗೆಯಬೇಡಿ ತಂಗಿ. ಈಗಲೇ ಪ್ಲಾಸ್ಟಿಕ್‌ನಿಂದ ತೆಗೆದು ನೆರಳಿನಲ್ಲಿ ಆರಲು ಬಿಡಿ. ನಂತರ ಕಾಗದದ ಚೀಲದಲ್ಲಿಟ್ಟು ಬಾಯಿ ಅಂಟಿಸಿ, ಮೇಲೆ ದಿನಾಂಕ ಬರೆದು ಇಬ್ಬರ ಸಹಿ ಹಾಕಿಸಿ. ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಹಿಡಿದರೆ ರಕ್ತದ ಕಲೆ ಪರೀಕ್ಷೆಗೆ ಬಾರದಂತೆ ಹಾಳಾಗುತ್ತದೆ. ಮೈ ತೊಳೆಯುವಾಗ ಯಾರಾದರೂ ಫೋಟೊ ತೆಗೆದಿದ್ದರೆ ಅದು ಆ ಮೊಬೈಲ್‌ನಲ್ಲಿಯೇ ಇರಲಿ, ಮೊಬೈಲ್ ಮಾರಬೇಡಿ.

ಛಾಪಾ ಕಾಗದಕ್ಕೆ ಯಾರೂ ಸಹಿ ಹಾಕಬಾರದು. ಕೊಲೆ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಯೇ ಇಲ್ಲ. ಹಾಗಿದ್ದೂ ಆ ಕಾಗದ ಏಕೆ ಬೇಕು ಅವರಿಗೆ? ನಾಳೆ ನಿಮ್ಮಪ್ಪ ಸಾಕ್ಷಿ ಹೇಳಲು ನಿಂತಾಗ ಮುಖಕ್ಕೆ ಹಿಡಿಯಲು. ‘ಕಾಯಿಲೆ ಇತ್ತೆಂದು ನೀವೇ ಬರೆದುಕೊಟ್ಟಿದ್ದೀರಲ್ಲ?’ ಈ ಒಂದು ಪ್ರಶ್ನೆಗೆ ಮುರಿದುಬಿದ್ದ ಪ್ರಕರಣಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾನೂನು ಪ್ರಕಾರ ಪರಿಹಾರ ಕೊಡಬೇಕಾದದ್ದು ಸರ್ಕಾರ, ಅದೂ ಆದೇಶದ ಮೇಲೆ. ಹಿರಿಯರ ಚೀಲದಲ್ಲಿ ಬರುವ ನೋಟಿಗೆ ಆ ಹೆಸರಿಲ್ಲ.

ನನಗೆ ಹೆಚ್ಚು ಕಳವಳ ತಂದದ್ದು ಆ ಎರಡು ಖಾಲಿ ಹಾಳೆ. ನಾಳೆ ಬೆಳಿಗ್ಗೆಯೇ ನಿಮ್ಮಪ್ಪನ ಹೆಸರಿನಲ್ಲಿ ಒಂದು ಪತ್ರ ಬರೆಯಿರಿ: ಇಂಥ ದಿನ, ಇಂಥ ಆಸ್ಪತ್ರೆಯಲ್ಲಿ, ಬರಹವಿಲ್ಲದ ಎರಡು ಹಾಳೆಗಳ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ, ಅದರಲ್ಲಿ ಏನೇ ಬರೆದುಕೊಂಡರೂ ಅದು ನನ್ನ ಹೇಳಿಕೆಯಲ್ಲ. ಒಂದು ಪ್ರತಿ ಮ್ಯಾಜಿಸ್ಟ್ರೇಟರಿಗೆ, ಒಂದು ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ. ರಸೀದಿ ಜೋಪಾನ.

ಪೊಲೀಸ್ ವಶದಲ್ಲಿ ಸತ್ತರೆ ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 196. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2005ರ ತಿದ್ದುಪಡಿಯಲ್ಲಿ ಸೇರಿದ ನಿಯಮವಿದು. ‘ಬಂಧಿಸಿರಲಿಲ್ಲ, ಸುಮ್ಮನೆ ಕರೆದಿದ್ದೆವು’ ಎಂದು ಹೇಳುತ್ತಾರೆ. ಆ ಮಾತಿಗೆ ಸುಮ್ಮನಾಗಬೇಡಿ, ಎರಡು ರಾತ್ರಿ ಠಾಣೆಯಲ್ಲಿ ಇಟ್ಟುಕೊಂಡದ್ದು ವಶವೇ. ವಿಚಾರಣೆಯ ವೇಳೆ ನೀವೂ ಹಾಜರಿರಬಹುದು. ಅಂಗಾಲಿನ ಗಾಯವನ್ನು ಮರಣೋತ್ತರ ಪರೀಕ್ಷೆಯಲ್ಲಿ ಕುಯ್ದು ನೋಡಿದರೇ ಎಂದು ಕೇಳಿ. ಎಷ್ಟೋ ಕಡೆ ಅಂಗಾಲನ್ನು ತಿರುಗಿಸಿಯೂ ನೋಡುವುದಿಲ್ಲ. ಇಂಥ ಪರೀಕ್ಷೆಯನ್ನು ವಿಡಿಯೊ ಮಾಡಬೇಕೆಂದು ರಾಷ್ಟ್ರೀಯ ಆಯೋಗ 1995ರಲ್ಲಿಯೇ ರಾಜ್ಯಗಳಿಗೆ ಬರೆದಿದೆ. ವಿಡಿಯೊ ಇದೆಯೇ, ಯಾರ ಬಳಿ ಇದೆ? ನೀವು ಸುಟ್ಟಿಲ್ಲ, ಮಣ್ಣು ಮಾಡಿದ್ದೀರಿ. ಹಾಗಾಗಿ ಶವವನ್ನು ಹೊರತೆಗೆಸಿ ಮತ್ತೆ ಪರೀಕ್ಷಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಮನೆಯವರಿಗೆ ಇದು ಎಂಥ ಸಂಕಟವೆಂದು ನನಗೆ ಗೊತ್ತು. ಆದರೂ ದಿನ ಕಳೆದಷ್ಟೂ ಮೈ ಮೇಲಿನ ಗುರುತು ಅಳಿಯುತ್ತದೆ.

ಠಾಣೆಯ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು ಉಳಿಸಬೇಕು, ಕನಿಷ್ಠ ಪಕ್ಷ ಒಂದು ವರ್ಷವಾದರೂ, ಎಂದು 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬರುವ ಮೊದಲು ನಿಮ್ಮ ಲಿಖಿತ ಅರ್ಜಿ ಅಲ್ಲಿರಲಿ. ಆಸ್ಪತ್ರೆಯ ಬಾಗಿಲಿನ ಕ್ಯಾಮೆರಾ, ದಾರಿಯ ಪೆಟ್ರೋಲ್ ಬಂಕಿನ ಕ್ಯಾಮೆರಾಗಳನ್ನೂ ಅರ್ಜಿಯಲ್ಲಿ ಸೇರಿಸಿ.

ವಕೀಲರ ಶುಲ್ಕಕ್ಕೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಒಡಿಶಾದ ನೀಲಬತಿ ಬೆಹೆರಾ ಶುರು ಮಾಡಿದ್ದು ಸುಪ್ರೀಂ ಕೋರ್ಟಿಗೆ ಬರೆದ ಒಂದು ಪತ್ರದಿಂದ. 22 ವರ್ಷದ ಮಗ ಹಗ್ಗ ಕಚ್ಚಿ ತಪ್ಪಿಸಿಕೊಂಡು ರೈಲಿಗೆ ಸಿಕ್ಕಿದ ಎಂದಿದ್ದರು ಪೊಲೀಸರು. ಲಾಠಿಯಂಥ ಮೊಂಡು ವಸ್ತುವಿನಿಂದಾದ ಗಾಯಗಳಿವು ಎಂಬ ವೈದ್ಯರ ಸಾಕ್ಷ್ಯದ ಮುಂದೆ ಆ ಕಥೆ ನಿಲ್ಲಲಿಲ್ಲ.

ದಾವಣಗೆರೆಯ ಸದಸ್ಯ: ಒಟ್ಟಾರೆ ಎಷ್ಟು ಸಿಗಬಹುದು ಮೇಡಂ?

ವಕೀಲರು: ಮೇಲೆ ಉತ್ತರಿಸಿದ್ದೇನೆ.

ಕಲಬುರಗಿಯ ಸದಸ್ಯ: ಕಳ್ಳರಿಗೂ ರೌಡಿಗಳಿಗೂ ನಮ್ಮ ತೆರಿಗೆ ಹಣದಲ್ಲಿ ಪರಿಹಾರವೇ? ಹೈದರಾಬಾದಿನಲ್ಲಿ 2019ರಲ್ಲಿ ಅತ್ಯಾಚಾರದ ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದದ್ದೇ ಸರಿ.

ಮೈಸೂರಿನ ಸದಸ್ಯೆ: ಆ ಹೆಣ್ಣುಮಗಳು ತಮ್ಮನನ್ನು ಕಳೆದುಕೊಂಡು ಬರೆದಿದ್ದಾರೆ. ಅದರ ಕೆಳಗೆ ಇದನ್ನು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಕಲಬುರಗಿಯ ಸದಸ್ಯ: ನಾನು ಸಾಮಾನ್ಯ ಮಾತು ಹೇಳಿದೆ. ನಿಮ್ಮ ಮನೆಗೆ ಕಳ್ಳ ನುಗ್ಗಿದರೆ ತಿಳಿಯುತ್ತದೆ.

ವಕೀಲರು: ಹೈದರಾಬಾದ್ ಎನ್‌ಕೌಂಟರ್ ನಡೆದ ದಿನ ಪೊಲೀಸರ ಮೇಲೆ ಜನ ಹೂ ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ, ಸಾಯಿಸಬೇಕೆಂದೇ ಗುಂಡು ಹಾರಿಸಿದರು ಎಂದು ವರದಿ ಕೊಟ್ಟು, ಹತ್ತು ಪೊಲೀಸರ ಮೇಲೆ ಕೊಲೆ ಆರೋಪದಡಿ ವಿಚಾರಣೆ ನಡೆಯಬೇಕು ಎಂದಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಪ್ರತಿ ಎನ್‌ಕೌಂಟರ್ ಸಾವಿಗೂ ಎಫ್‌ಐಆರ್ ಆಗಬೇಕು, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರು ಮಾಡಬೇಕು, ಅಧಿಕಾರಿಗೆ ತಕ್ಷಣ ಬಡ್ತಿಯನ್ನೋ ಶೌರ್ಯ ಪದಕವನ್ನೋ ಕೊಡಬಾರದು. ಕಳ್ಳನಿಗೆ ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್: ಮೂವತ್ತೊಂದು ವರ್ಷ ಸೇವೆ ಮಾಡಿದವನ ಮಾತನ್ನೂ ಕೇಳಿ. ‘ನಾಳೆಯೊಳಗೆ ಮಾಲು ವಸೂಲಾಗಬೇಕು’ ಎಂದು ಮೇಲಿನವರು ಬಾಯಲ್ಲಿ ಹೇಳುತ್ತಾರೆ, ಕಾಗದದಲ್ಲಿ ಬರೆಯುವುದಿಲ್ಲ. ಹುಡುಗ ಸತ್ತರೆ ಅಮಾನತಾಗುವವನು ಪೇದೆ, ಜೈಲಿಗೆ ಹೋಗುವವನೂ ಪೇದೆ. ಈಗ ಪರಿಹಾರವನ್ನೂ ಅವನ ಸಂಬಳದಿಂದ ಕಡಿಯಬೇಕು ಎನ್ನುವವರೂ ಇದ್ದಾರೆ. ಹೇಳಿದವರಿಂದ ಯಾರು ವಸೂಲು ಮಾಡುತ್ತಾರೆ?

ಮೈಸೂರಿನ ಸದಸ್ಯೆ: ಹೇಳಿದ್ದನ್ನು ಮಾಡದೆ ಇರಬಹುದಿತ್ತಲ್ಲ?

ನಿವೃತ್ತ ಹೆಡ್ ಕಾನ್‌ಸ್ಟೇಬಲ್: ಒಂದು ರಾತ್ರಿ ಠಾಣೆಯಲ್ಲಿ ಕಳೆದು ಬನ್ನಿ, ಆಮೇಲೆ ಹೇಳಿ ತಾಯಿ.

ವಕೀಲರು: ಅವರ ಪ್ರಶ್ನೆ ನ್ಯಾಯವಾದದ್ದು. ತಪ್ಪು ಮಾಡಿದವರಿಂದ ಸರ್ಕಾರ ವಸೂಲು ಮಾಡಿಕೊಳ್ಳಬಹುದೆಂದು ‘ಸಹೇಲಿ’ ತೀರ್ಪಿನಲ್ಲಿಯೇ ಇದೆ. ತಮಿಳುನಾಡಿನ ವಾಚಾತಿ ಹಳ್ಳಿಯಲ್ಲಿ ಅರಣ್ಯ, ಪೊಲೀಸ್ ಸಿಬ್ಬಂದಿ ನಡೆಸಿದ ದೌರ್ಜನ್ಯದ ಪ್ರಕರಣದಲ್ಲಿ 2023ರಲ್ಲಿ ಮದ್ರಾಸ್ ಹೈಕೋರ್ಟ್ ಅತ್ಯಾಚಾರ ಸಂತ್ರಸ್ತೆಯರಿಗೆ ತಲಾ 10 ಲಕ್ಷ ಕೊಡಲು ಆದೇಶಿಸಿ, ಅದರಲ್ಲಿ 5 ಲಕ್ಷವನ್ನು ಅಪರಾಧಿಗಳಿಂದಲೇ ವಸೂಲು ಮಾಡಬೇಕೆಂದಿತು. ಆದರೆ ಬಾಯಿಮಾತಿನ ಆದೇಶ ಕೊಟ್ಟವರನ್ನು ಹಿಡಿಯಲು ದಾಖಲೆ ಬೇಕು: ಠಾಣಾ ದಿನಚರಿ, ವೈರ್‌ಲೆಸ್ ಸಂದೇಶ, ಆ ಎರಡು ರಾತ್ರಿಗಳ ಫೋನ್ ಕರೆಗಳ ವಿವರ. ಪೇದೆಗಳು ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಟ್ಟರೆ ಮಾತ್ರ ಮೇಲಿನವರ ಹೆಸರು ಬರುತ್ತದೆ. ಹಾಗೆ ಬಾಯಿ ಬಿಟ್ಟವರನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ.

ಕ್ಯಾಲಿಫೋರ್ನಿಯಾದ ಸದಸ್ಯ: ಇಲ್ಲಿ ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ ಮಿನಿಯಾಪೊಲಿಸ್ ನಗರ 2.7 ಕೋಟಿ ಡಾಲರ್ ಕೊಟ್ಟಿತು. ನಮ್ಮಲ್ಲಿ ಪ್ರಾಣಕ್ಕೆ ಬೆಲೆಯೇ ಇಲ್ಲ.

ವಕೀಲರು: ಅದು 2021ರ ಮಾರ್ಚ್‌ನಲ್ಲಿ ನಗರಾಡಳಿತ ಸಿವಿಲ್ ದಾವೆಯಲ್ಲಿ ಮಾಡಿಕೊಂಡ ಒಪ್ಪಂದ, ಕೊಟ್ಟದ್ದು ಸಾರ್ವಜನಿಕರ ಹಣ. ಪೊಲೀಸ್ ಅಧಿಕಾರಿ ತಪ್ಪಿತಸ್ಥನೆಂದು ಏಪ್ರಿಲ್‌ನಲ್ಲಿ ತೀರ್ಪು ಬಂದದ್ದು ಬೇರೆ ಕ್ರಿಮಿನಲ್ ಮೊಕದ್ದಮೆಯಲ್ಲಿ. ಹಣದ ಸುದ್ದಿ ಕೇಳಿ ಮನಸ್ಸು ಒಂದು ಕಡೆ ವಾಲಿತೆಂದ ಇಬ್ಬರು ಜ್ಯೂರಿಗಳನ್ನು ನ್ಯಾಯಾಧೀಶರು ಕೈಬಿಡಬೇಕಾಯಿತು. ಅಲ್ಲಿ ಕೂಡ ಎರಡು ದಾರಿಗಳು ಬೇರೆಬೇರೆಯೇ.

ಮಂಗಳೂರಿನ ಸದಸ್ಯ: ಮುಖ್ಯಮಂತ್ರಿ ಘೋಷಿಸಿದ ಪರಿಹಾರವನ್ನು ನಂಬಬಹುದೇ?

ವಕೀಲರು: ನಿಮ್ಮ ಊರಿನದೇ ಉದಾಹರಣೆ ಇದೆ. 2019ರ ಡಿಸೆಂಬರ್ 19ರ ಗೋಲಿಬಾರ್‌ನಲ್ಲಿ ಇಬ್ಬರು ಸತ್ತರು, ತಲಾ 10 ಲಕ್ಷ ಘೋಷಣೆಯಾಯಿತು, ಕೆಲವೇ ದಿನಗಳಲ್ಲಿ ತನಿಖೆ ಮುಗಿಯುವವರೆಗೆ ಕೊಡುವುದಿಲ್ಲ ಎಂದರು. ಘೋಷಣೆ ಎಂದರೆ ಸರ್ಕಾರದ ಮರ್ಜಿ. ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯಲ್ಲಿ ಬರುವ ಆದೇಶ ನಿಮ್ಮ ಹಕ್ಕು. ಯಾವ ದಾರಿಯಾದರೂ ತಡವಾಗುತ್ತದೆ: 1990ರ ದಶಕದ ವೀರಪ್ಪನ್ ಬೇಟೆಯಲ್ಲಿ ವಿಶೇಷ ಪಡೆಯ ಹಿಂಸೆಗೆ ಸಿಕ್ಕ ಮಲೆ ಮಹದೇಶ್ವರ ಬೆಟ್ಟದ ಕಡೆಯವರೂ ಗಡಿಯಾಚೆಯವರೂ ಸೇರಿ 89 ಜನರಿಗೆ 2.80 ಕೋಟಿ ರೂಪಾಯಿ ಕೊಡಲು, ಸದಾಶಿವ ಸಮಿತಿಯ ವರದಿಯ ನಂತರ, ರಾಷ್ಟ್ರೀಯ ಆಯೋಗ ಹೇಳಿದ್ದು 2007ರಲ್ಲಿ.

ಹುಬ್ಬಳ್ಳಿಯ ಸದಸ್ಯ: ಇನ್ನೊಂದು ಸಂದೇಶ ಬಂದಿದೆ ಮೇಡಂ. ‘ಪೊಲೀಸರ ಮೇಲೆ ಕೇಸ್ ಹಾಕಲು ಸರ್ಕಾರದ ಅನುಮತಿ ಬೇಕು, ಆದ್ದರಿಂದ ರಾಜಿಯೇ ಲೇಸು...’

ವಕೀಲರು: ದಯವಿಟ್ಟು ಇಂಥವನ್ನು ಇಲ್ಲಿ ತಂದು ಹಾಕಬೇಡಿ, ಇದು ಎರಡನೇ ಬಾರಿ. ದೂರು ಕೊಡಲು, ಎಫ್‌ಐಆರ್ ದಾಖಲಿಸಲು ಯಾವ ಅನುಮತಿಯೂ ಬೇಡ. ಪೂರ್ವಾನುಮತಿಯ ಮಾತು ಬರುವುದು ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವ ಹಂತದಲ್ಲಿ. ಹೊಸ ಸಂಹಿತೆಯ ಕಲಂ 218ರಲ್ಲಿ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 170 ಕೂಡ ಅಡ್ಡ ಬರಬಹುದು, ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ಈ ಅರೆಸತ್ಯವನ್ನು ಓದಿ ಯಾರೋ ಒಬ್ಬ ತಂದೆ ಇವತ್ತು ರಾತ್ರಿ ಸಹಿ ಹಾಕಿದರೆ ಹೊಣೆ ಯಾರದು?

ಹುಬ್ಬಳ್ಳಿಯ ಸದಸ್ಯ: ಕೇಳುವುದೂ ತಪ್ಪೇ? ವಕೀಲರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ.

ಬೀದರಿನ ಸದಸ್ಯ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಕಲಬುರಗಿಯ ಸದಸ್ಯ: ಒಂದೇ ಮನೆಯ ಪ್ರಶ್ನೆಗೆ ಪುಟಗಟ್ಟಲೆ ಬರೆದರೆ ಉಳಿದವರಿಗೆ ಸಮಯವೆಲ್ಲಿ?

ನಿರ್ವಾಹಕರು: ಕಲಬುರಗಿಯವರೇ, ಇದು ಕೊನೆಯ ಎಚ್ಚರಿಕೆ. ಹುಬ್ಬಳ್ಳಿಯವರೇ, ಹಂಚಿಕೆ ಸಂದೇಶಗಳನ್ನು ಅಳಿಸುತ್ತಿದ್ದೇನೆ.

ಚಿತ್ರದುರ್ಗ ಜಿಲ್ಲೆಯ ಸದಸ್ಯೆ: ಅಕ್ಕಾ, ಪತ್ರ ಬರೆದಿದ್ದೇನೆ. ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಅಂಗಿಯನ್ನು ಕಾಗದದ ಚೀಲದಲ್ಲಿಟ್ಟು ಅವ್ವನ ಟ್ರಂಕಿನಲ್ಲಿ ಇಟ್ಟಿದ್ದೇವೆ. ಆ ಹಿರಿಯರು ನಾಳೆ ಮತ್ತೆ ಬರುತ್ತಾರಂತೆ. ನಾವು ಪರಿಶಿಷ್ಟ ಜಾತಿಯವರು, ಅದಕ್ಕೆ ಬೇರೆ ಪರಿಹಾರ ಇದೆಯೇ?

ವಕೀಲರು: ತಮ್ಮನ ಮೇಲೆ ಕೈಮಾಡಿದವರು ಪರಿಶಿಷ್ಟರಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಎಫ್‌ಐಆರ್‌ನಲ್ಲಿ ಸೇರಿಸಲು ಕೇಳಿ. 2016ರ ನಿಯಮಗಳ ಪಟ್ಟಿಯಲ್ಲಿ ಕೊಲೆಗೆ 8.25 ಲಕ್ಷ, ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಅರ್ಧ ದೋಷಾರೋಪ ಪಟ್ಟಿ ನ್ಯಾಯಾಲಯಕ್ಕೆ ಹೋದಾಗ. ಸಾಲದ ಭಾರಕ್ಕೆ ಮೊದಲ ಕಂತು ಆಸರೆಯಾದೀತು. ಇದನ್ನು ಪಡೆದರೂ ಹೈಕೋರ್ಟಿನಲ್ಲಿ ಪರಿಹಾರ ಕೇಳುವ ಬಾಗಿಲು ಮುಚ್ಚುವುದಿಲ್ಲ. ಹಿರಿಯರು ಬಂದಾಗ ಅಪ್ಪನನ್ನು ಒಬ್ಬರನ್ನೇ ಬಿಡಬೇಡಿ. ಎಷ್ಟು ಗಂಟೆಗೆ ಬರುತ್ತಾರೆ?

ಚಿತ್ರದುರ್ಗ ಜಿಲ್ಲೆಯ ಸದಸ್ಯೆ: ಬೆಳಿಗ್ಗೆ ಏಳಕ್ಕೆ.

ವಕೀಲರು: ನೀವೂ ಅಪ್ಪನೂ ಆರಕ್ಕೇ ಬಸ್ ಹತ್ತಿ. ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಅಂಗಿ ಟ್ರಂಕಿನಲ್ಲಿಯೇ ಇರಲಿ, ಬೀಗದ ಕೈ ನಿಮ್ಮ ಹತ್ತಿರವಿರಲಿ.