ಹಳೆಯ ಸೆಂಚೂರಿಯನ್ ‘ಶೋಟ್ ಕಲ್’ ಆದದ್ದು ಹೇಗೆ?

ಪ್ರಶ್ನೆ:
1973ರ ಯುದ್ಧದಲ್ಲಿ ಗೋಲನ್ ಪ್ರಸ್ಥಭೂಮಿಯನ್ನು ಕಾದ ಇಸ್ರೇಲಿನ ಶೋಟ್ ಕಲ್ ಟ್ಯಾಂಕ್ ಬ್ರಿಟನ್ನಿನ ಹಳೆಯ ಸೆಂಚೂರಿಯನ್ನೇ ಆಗಿದ್ದರೂ ಅದನ್ನು ಪ್ರತ್ಯೇಕ ಮಾದರಿಯೆಂದು ಎಣಿಸುವುದೇಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮುಖ್ಯ ಬದಲಾವಣೆ ಎಂಜಿನ್ನಿನದು. ಮೂಲದ ಮೀಟಿಯರ್ ಪೆಟ್ರೋಲ್ ಎಂಜಿನ್ ವಿಪರೀತ ಇಂಧನ ಕುಡಿಯುತ್ತಿತ್ತು, ಏಟು ಬಿದ್ದರೆ ಬೆಂಕಿಯ ಭಯ ಬೇರೆ. ಅದನ್ನು ತೆಗೆದು, ಅಮೆರಿಕದ ಕಾಂಟಿನೆಂಟಲ್ ಕಂಪನಿಯ 750 ಅಶ್ವಶಕ್ತಿಯ ಡೀಸೆಲ್ ಎಂಜಿನ್ನನ್ನೂ ಆಲಿಸನ್ ಗೇರ್‌ಬಾಕ್ಸನ್ನೂ ಕೂರಿಸಲು ಟ್ಯಾಂಕಿನ ಹಿಂಭಾಗವನ್ನೇ ಮರುರೂಪಿಸಬೇಕಾಯಿತು. 1970ರಲ್ಲಿ ಇದು ಸೇವೆಗೆ ಬಂತು. 105 ಮಿ.ಮೀ. ಫಿರಂಗಿ ಮಾತ್ರ ಅದಕ್ಕೂ ಮೊದಲೇ ಬಂದಿತ್ತು.

ಉತ್ತರ 2:
ಮೇಲಿನವರ ಮಾತು ನಿಜ, ಆದರೆ ಗೋಲನ್‌ನಲ್ಲಿ ಕೈಹಿಡಿದದ್ದು ಎಂಜಿನ್ನಿಗಿಂತ ಹೆಚ್ಚಾಗಿ ಹಳೆಯ ಸೆಂಚೂರಿಯನ್‌ನ ಗುಣವೇ ಎಂಬುದು ನನ್ನ ಅಭಿಪ್ರಾಯ. ಇದರ ಫಿರಂಗಿ ಸುಮಾರು 10 ಡಿಗ್ರಿ ಕೆಳಕ್ಕೆ ಬಾಗುತ್ತಿದ್ದುದರಿಂದ, ಒಡಲನ್ನು ದಿಬ್ಬದ ಮರೆಯಲ್ಲಿಟ್ಟು ಫಿರಂಗಿ ಹೊತ್ತ ಮೇಲಿನ ಗೋಪುರವನ್ನಷ್ಟೇ ಹೊರಚಾಚಿ, ಕೆಳಗಿನಿಂದ ಏರಿಬರುವ ಸಿರಿಯಾದ ಟಿ-55 ಮತ್ತು ಟಿ-62 ಟ್ಯಾಂಕುಗಳಿಗೆ ಗುರಿಯಿಡಬಹುದಿತ್ತು. ಆ ಸೋವಿಯತ್ ಟ್ಯಾಂಕುಗಳ ಫಿರಂಗಿಗಳು ಅಷ್ಟು ಬಾಗುತ್ತಿರಲಿಲ್ಲ. ರಾತ್ರಿಯಲ್ಲಿ ಮಾತ್ರ ಲೆಕ್ಕ ತಲೆಕೆಳಗಾಯಿತು: ಕತ್ತಲಲ್ಲಿ ನೋಡಲು ನೆರವಾಗುವ ಇನ್‌ಫ್ರಾರೆಡ್ ಉಪಕರಣಗಳು ಇದ್ದದ್ದು ಸಿರಿಯನ್ನರ ಬಳಿ. ದಕ್ಷಿಣದಲ್ಲಿದ್ದ ಇಸ್ರೇಲಿನ ಬರಾಕ್ ಬ್ರಿಗೇಡ್ ತೀವ್ರ ನಷ್ಟ ಅನುಭವಿಸಿತು. ಉತ್ತರದಲ್ಲಿ 7ನೇ ಬ್ರಿಗೇಡ್ ಕದಲದೆ ನಿಂತಿತು.

ಉತ್ತರ 3:
1982ರ ಲೆಬನಾನ್ ಯುದ್ಧದ ವೇಳೆಗೆ ಇವುಗಳಿಗೆ ‘ಬ್ಲೇಜರ್’ ಎಂಬ ಸ್ಫೋಟಕ ರಕ್ಷಾಕವಚವನ್ನು (ಏಟು ಬಿದ್ದಾಗ ತಾನೇ ಹೊರಕ್ಕೆ ಸಿಡಿದು ಅದರ ಹೊಡೆತವನ್ನು ತಗ್ಗಿಸುವ ಕವಚ) ತೊಡಿಸಲಾಗಿತ್ತು. ಮುಂದೆ ಅನೇಕ ಟ್ಯಾಂಕುಗಳ ಗೋಪುರ ಕಳಚಿ, ಸೈನಿಕರನ್ನು ಸಾಗಿಸುವ ನಗ್ಮಾಶೋಟ್ ಮತ್ತು ಎಂಜಿನಿಯರ್ ದಳದ ಪೂಮಾ ವಾಹನಗಳನ್ನಾಗಿ ಪರಿವರ್ತಿಸಿದರು.